ಗೇರಿನ ಗುರುತು

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಹಿತ್ತಲ ಬಾಗಿಲಿನ ಅಗುಳಿ ತೆಗೆದವಳು ನಾನೇ. ಹಂಡೆಯ ಒಲೆಗೆ ಎರಡು ತೆಂಗಿನ ಮಟ್ಟೆ ತುರುಕಿ ಉರಿ ಮಾಡಿದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಫಿಲ್ಟರಿಗೆ ಪುಡಿ ಹಾಕಿ ಕುದಿಯುವ ನೀರು ಸುರಿದೆ. ನಮ್ಮ ಮನೆಯಲ್ಲಿ ಮೊದಲು ಇಳಿದ ಡಿಕಾಕ್ಷನ್ ನನ್ನ ಓರಗಿತ್ತಿಗೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹಾಕಿ ಇಳಿಸಿದ್ದು ನನಗೆ. ಅತ್ತೆ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರಿಂದ ಉಗ್ರಾಣದ ಬೀಗದ ಕೈ ಓರಗಿತ್ತಿಯ ಸೊಂಟದಲ್ಲಿತ್ತು. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ದಿನದಿಂದ ಎರಡನೆಯ ಡಿಕಾಕ್ಷನ್ ಕುಡಿದವಳು ನಾನು. ಅದರಲ್ಲಿ ಬಿಸಿ ಇರುತ್ತದೆ, ಬಣ್ಣ ಇರುತ್ತದೆ, ಕಾಫಿ ಇರುವುದಿಲ್ಲ.

ಅಂದು ಅಕ್ಕನ ಮಗಳನ್ನು ನೋಡಲು ಕಡೂರಿನಿಂದ ಹುಡುಗನ ಕಡೆಯವರು ಬರುವವರಿದ್ದರು. ಮಧ್ಯಾಹ್ನದ ಪ್ಯಾಸೆಂಜರಿಗೆ ಬಂದು ಸಂಜೆಯ ರೈಲಿಗೆ ಹಿಂತಿರುಗುವುದು ಎಂದು ಮಾತಾಗಿತ್ತು. ಹಿಂದಿನ ದಿನವೇ ನೆಲಕ್ಕೆ ಕೆಂಪು ಹಚ್ಚಿ ಆಗಿತ್ತು. ಕೇಸರಿಬಾತಿಗೆ ರವೆ ಹುರಿದಿಟ್ಟಿದ್ದೆ. ಅಷ್ಟು ದೊಡ್ಡ ದಿನ ಅಕ್ಕ ಇಷ್ಟು ಹೊತ್ತಾದರೂ ಎದ್ದು ಬಾರದೆ ಇದ್ದದ್ದು ನನಗೆ ವಿಚಿತ್ರವಾಗಿ ಕಂಡಿತು. ಅವರ ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿತು.

"ಲೇ, ಒಂಚೂರು ಬಾರೇ ಇಲ್ಲಿ. ನೀನೊಬ್ಳೇ ಬಾ," ಎಂದು ಕೋಣೆಯಿಂದ ಕರೆದರು.

ಹೋದೆ. ಕಿಟಕಿ ಮುಚ್ಚಿತ್ತು. ತೆರೆದು ನೋಡಿದರೆ ಅಕ್ಕನ ಮುಖವೇ ಅಲ್ಲಿರಲಿಲ್ಲ. ರೆಪ್ಪೆಗಳು ಊದಿ ಕಣ್ಣುಗಳು ಗೀರಿನಷ್ಟಾಗಿದ್ದವು. ಕಿವಿಗಳು ದಪ್ಪಗಾಗಿ ಓಲೆ ಮಾಂಸದೊಳಗೆ ಹೂತುಹೋಗಿತ್ತು. ಹಣೆಯ ಮೇಲೆ, ಕೂದಲು ಹುಟ್ಟುವ ಗೆರೆಯುದ್ದಕ್ಕೂ, ಸಾಸಿವೆಯಂಥ ನೀರ್ಗುಳ್ಳೆಗಳು. ಕೆಲವು ಒಡೆದು ಹಳದಿ ನೀರು ಜಿನುಗುತ್ತಿತ್ತು.

"ಏನಾಗೈತೆ ನೋಡೇ ನಂಗೆ. ಕಣ್ಣೇ ಬಿಡಕ್ಕಾಗ್ತಿಲ್ಲ. ಉರಿ ಅಂದ್ರೆ ಉರಿ. ಇವತ್ತೇ ಆಗ್ಬೇಕಿತ್ತಾ ಇದು?"

ನನಗೆ ಏನಾಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಶುಕ್ರವಾರ ಮಧ್ಯಾಹ್ನ ಬಚ್ಚಲ ಹಿಂದೆ ಒಂದು ಕರಟ ಬಿದ್ದಿತ್ತು, ಒಳಗೆ ಕಪ್ಪು ರಾಡಿ ಅಂಟಿಕೊಂಡು. ಪಕ್ಕದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್. ಟವಲಿನ ಒಂದು ಮೂಲೆಯೂ ಕಪ್ಪಾಗಿತ್ತು. ಅಕ್ಕ ತಲೆಗೂದಲಿಗೆ ಕಪ್ಪು ಪುಡಿ ಕಲಸಿ ಹಚ್ಚುತ್ತಾರೆಂಬುದು ನನ್ನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದೊಮ್ಮೆ ತರೀಕೆರೆಯ ಮದುವೆಗೆ ಹೋಗುವಾಗ ಹಚ್ಚಿದ್ದರು. ಆಗ ಏನೂ ಆಗಿರಲಿಲ್ಲ. ಮೊದಲ ಸಲ ಏನೂ ಆಗುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಹೇಗೆ ಗೊತ್ತು ಎಂದು ಹೇಳಲು ಸುಮಾರು ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ತವರಿನಲ್ಲಿ ಹೆರಿಗೆ ಮುಗಿಸಿ, ಮಗಳನ್ನು ಎತ್ತಿಕೊಂಡು ನಾನು ಈ ಮನೆಗೆ ಮರಳಿದ ಹೊಸತು. ಅಲ್ಲಿಯತನಕ ನನ್ನ ಬಟ್ಟೆ ನಾನೇ ಒಗೆದುಕೊಳ್ಳುತ್ತಿದ್ದೆ. ಬಾಣಂತಿ ತಣ್ಣೀರಿನಲ್ಲಿ ಕೈಯಾಡಿಸಬಾರದೆಂದು ಮನೆಯವರ ಬಟ್ಟೆಯ ಜೊತೆ ನನ್ನದೂ ಮಡಿವಾಳರ ಗಂಟಿಗೆ ಸೇರಿತು. ಆಗ ನಮ್ಮ ಕಡೆ ಮಡಿವಾಳರು ಬಟ್ಟೆ ಅದಲುಬದಲಾಗದಿರಲೆಂದು ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಅದರ ಎಣ್ಣೆಯಿಂದ ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಿದ್ದರು. ಇದು ತಿನ್ನುವ ಗೋಡಂಬಿಯ ಗೇರಲ್ಲ, ಬೇರೆ ಮರ. ನಮ್ಮ ಮನೆಯ ಗುರುತು ಎರಡು ಚುಕ್ಕಿ, ಕೆಳಗೊಂದು ಗೆರೆ. ಎಷ್ಟು ಒಗೆದರೂ ಹೋಗದು. ಸೀರೆ ಹರಿದು ಒರೆಸುವ ಬಟ್ಟೆಯಾದಾಗಲೂ ಆ ಚುಕ್ಕಿ ಹಾಗೆಯೇ ಇರುತ್ತಿತ್ತು.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ದಿನ ನನ್ನ ಬಲಸೊಂಟದಲ್ಲಿ ತುರಿಕೆ ಶುರುವಾಯಿತು. ಮರುದಿನ ಕುತ್ತಿಗೆಯ ಹಿಂದೆ. ನೋಡನೋಡುತ್ತ ಕೆಂಪಾಗಿ, ಗುಳ್ಳೆಯೆದ್ದು, ನೀರು ಸೋರಿ, ಚರ್ಮ ಹಲಸಿನ ತೊಗಟೆಯಂತಾಯಿತು.

ಅಕ್ಕ ಬಂದು ನನ್ನ ಕುತ್ತಿಗೆಯ ಮೇಲಿನ ಸೆರಗನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು. ಎತ್ತಿದ ಬೆರಳನ್ನು ತಮ್ಮ ಸೀರೆಗೆ ಒರೆಸಿಕೊಂಡರು. ಆ ಒರೆಸಿಕೊಂಡದ್ದು ನನಗೆ ಕಂಡಿತು.

ನಾನು ಓದಿದ್ದು ಚಿಕ್ಕಮಗಳೂರಿನ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅದೇ ಅಕ್ಕನ ಬಾಯಿಗೆ ಸಿಕ್ಕಿತು. ಹಿತ್ತಲ ಬೇಲಿಯಾಚೆಯ ಪಕ್ಕದ ಮನೆಯಾಕೆಗೆ, ನನಗೆ ಕೇಳಿಸುವ ಹಾಗೆಯೇ, ಹೇಳಿದರು: "ಆ ಸಿಸ್ಟರ್‌ಗಳು ದೊಡ್ಡರೋಗದೋರ, ಕುಷ್ಠ ಹಿಡಿದೋರ ಸೇವೆ ಮಾಡ್ತಾರಂತಲ್ರೀ. ಅದೇ ಕೈಯಾಗೆ ಹುಡುಗೀರಿಗೂ ಊಟ ಬಡಿಸ್ತಾರಂತೆ. ಅಲ್ಲೇ ಹತ್ತಿರ್ಬೇಕು ನಮ್ ಕಾನ್ವೆಂಟಮ್ಮನಿಗೆ. ಒಳಗೆ ಇಟ್ಕೊಂಡಿದ್ದು ಈಗ ಮೇಲಕ್ಕೆ ಬಂತು."

"ಅಯ್ಯೋ ಶಿವನೇ, ಮಗೂಗೆ ಮೊಲೆ ಬೇರೆ ಕೊಡ್ತಾವ್ರಲ್ರೀ!" ಎಂದಳು ಪಕ್ಕದ ಮನೆಯಾಕೆ. ಅವಳಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ, ಅಷ್ಟೆ.

ಆ ಒಂದು ಮಾತು ಸಾಕಾಯಿತು. ಆ ಸಂಜೆ ಅಕ್ಕ ನಡುಮನೆಯಲ್ಲಿ ಭಾವನಿಗೂ ನನ್ನ ಗಂಡನಿಗೂ ಹೇಳಿದರು: "ಮಕ್ಕಳು ಮರಿ ಇರೋ ಮನೆ. ಏನೂ ಅಂತ ಗೊತ್ತಾಗೋವರ್ಗೂ ಹಿತ್ತಲ ಕೋಣೇಲಿ ಇರ್ಲಿ. ನಾನೇನು ಕೆಟ್ಟದ್ದಕ್ಕೆ ಹೇಳ್ತೀನಾ?" ಭಾವ ಕೊಬ್ಬರಿ ವ್ಯಾಪಾರದಲ್ಲಿ ಗಟ್ಟಿಗರು, ಮನೆಯೊಳಗೆ ಬಾಯಿಲ್ಲದವರು. ನನ್ನ ಗಂಡನಿಗೆ ಅತ್ತಿಗೆಯೇ ತಾಯಿಯಂತೆ ಉಣ್ಣಿಸಿ ಬೆಳೆಸಿದ್ದರು. ಇಬ್ಬರೂ ನೆಲ ನೋಡಿದರು.

ಹಿತ್ತಲ ಕೋಣೆಯಲ್ಲಿ ಕೊಬ್ಬರಿ ಚೀಲಗಳಿದ್ದವು. ಅವುಗಳ ಮಧ್ಯೆ ನನಗೊಂದು ಚಾಪೆ. ಮನೆಯವರೆಲ್ಲ ಸ್ಟೀಲ್ ತಟ್ಟೆಯಲ್ಲಿ ಉಣ್ಣುವಾಗ ನನಗೆಂದು ಅಟ್ಟದಿಂದ ಒಂದು ಅಲ್ಯೂಮಿನಿಯಂ ತಟ್ಟೆ ಇಳಿಯಿತು. ಅಂಚು ಒಂದು ಕಡೆ ನೆಗ್ಗಿತ್ತು. ಅಕ್ಕ ಅದನ್ನು ಹೊಸಿಲಾಚೆ ಇಟ್ಟು ಮೇಲಿನಿಂದ ಸಾರು ಹುಯ್ಯುತ್ತಿದ್ದರು. ಸಾರು ನನ್ನ ಕಾಲಿಗೆ ಸಿಡಿಯುತ್ತಿತ್ತು.

ಮಗಳನ್ನು ನನ್ನಿಂದ ತೆಗೆದುಕೊಂಡರು. ಇನ್ನೂ ಎಂಟು ತಿಂಗಳು ತುಂಬದ ಕೂಸು. ಗೋಡೆಯಾಚೆ ಅತ್ತರೆ ನನ್ನ ಕುಪ್ಪಸ ಒದ್ದೆಯಾಗುತ್ತಿತ್ತು. ಅಕ್ಕ ಒಳಲೆಯಲ್ಲಿ ಹಸುವಿನ ಹಾಲು ಕುಡಿಸುವ ಸದ್ದು ಕೇಳುತ್ತಿತ್ತು. ಒಳಲೆಯ ಮೂತಿ ಮಗುವಿನ ವಸಡಿಗೆ ತಾಗುವ ಸಣ್ಣ ಸದ್ದು. ಎದೆ ಕಲ್ಲುಗಟ್ಟಿ ಜ್ವರ ಬಂತು. ಆಮೇಲೆ ಹಾಲು ತಾನಾಗಿಯೇ ಬತ್ತಿತು. ಅಕ್ಕನ ಮಗಳು, ಆಗ ಏಳೆಂಟು ವರ್ಷದವಳು, ಒಮ್ಮೊಮ್ಮೆ ಕಿಟಕಿಯ ಸರಳಿನ ಹತ್ತಿರ ಬಂದು, "ಚಿಕ್ಕಮ್ಮ, ಪಾಪು ನಿದ್ದೆ ಮಾಡ್ತು," ಎಂದು ಪಿಸುಗುಟ್ಟಿ ಓಡಿಹೋಗುತ್ತಿದ್ದಳು.

ಮಾಡಲು ಕೆಲಸವಿಲ್ಲದ ಕೋಣೆಯಲ್ಲಿ ನಾನು ನನ್ನ ಮೈಯನ್ನೇ ನೋಡಿಕೊಳ್ಳುತ್ತಿದ್ದೆ. ಹಾಗೆ ನೋಡುತ್ತ ಒಂದು ದಿನ ಹೊಳೆಯಿತು. ಗುಳ್ಳೆ ಎಲ್ಲೆಂದರಲ್ಲಿ ಇರಲಿಲ್ಲ. ಸೀರೆಯ ಒಳತುದಿಯನ್ನು ಸಿಕ್ಕಿಸುವ ಜಾಗದಲ್ಲಿತ್ತು. ಕುಪ್ಪಸದ ಕೊರಳಪಟ್ಟಿ ಕೂರುವ ಜಾಗದಲ್ಲಿತ್ತು. ಸೀರೆಯ ತುದಿ ತಿರುಗಿಸಿ ನೋಡಿದೆ. ಎರಡು ಚುಕ್ಕಿ, ಕೆಳಗೊಂದು ಗೆರೆ. ಕುಪ್ಪಸದ ಪಟ್ಟಿಯಲ್ಲೂ ಅದೇ. ಗೇರಿನ ಎಣ್ಣೆ ಹಸಿಯಾಗಿ ತಾಗಿದರೆ ಸುಡುತ್ತದೆಂದು ಊರಿಗೆಲ್ಲ ಗೊತ್ತು. ಆದರೆ ಒಣಗಿದ ಚುಕ್ಕಿ, ಮನೆಮಂದಿಯೆಲ್ಲ ಉಡುವ ಚುಕ್ಕಿ, ಒಬ್ಬಳನ್ನೇ ಸುಡುತ್ತದೆಂದು ಯಾರು ನಂಬುತ್ತಾರೆ?

ಕಿಟಕಿಯ ಹತ್ತಿರ ನನ್ನ ಗಂಡನನ್ನು ಕರೆದು ಚುಕ್ಕಿ ತೋರಿಸಿದೆ. "ಡಾಕ್ಟರ ಹತ್ರ ಕರ್ಕೊಂಡು ಹೋಗದಿದ್ರೆ ನಾನು ತವರಿಗೆ ಹೋಗ್ತೀನಿ, ಮಗೂನ ಕಿತ್ಕೊಂಡು ಹೋಗ್ತೀನಿ," ಎಂದೆ. ನಾನು ದನಿ ಎತ್ತಿದ್ದನ್ನು ಅವರು ಅಂದೇ ಮೊದಲು ಕೇಳಿದ್ದು. ಮರುದಿನ ಬಸ್ಸಿನಲ್ಲಿ ತರೀಕೆರೆಗೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬರು ವಯಸ್ಸಾದ ಡಾಕ್ಟರಿದ್ದರು. ಅವರು ನನ್ನ ಕುತ್ತಿಗೆಯನ್ನು ಬರಿಗೈಯಲ್ಲಿ ಮುಟ್ಟಿದರು. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ನನ್ನನ್ನು ಮುಟ್ಟಿದ್ದು. ನನಗೆ ಅಳು ಬಂತು.

"ಅಳಬೇಡಮ್ಮ, ಇದು ರೋಗವೇ ಅಲ್ಲ. ಯಾರಿಗೂ ಅಂಟೋದೂ ಇಲ್ಲ. ಸ್ಕೂಲಲ್ಲಿ ಬಿಳಿ ರಕ್ತಕಣ ಅಂತ ಓದಿದೀಯಾ?"

ಓದಿದ್ದೆ. ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರು ಬೋರ್ಡಿನ ಮೇಲೆ ಒಂದು ಮುಳ್ಳು ಬರೆದು, ಅದರ ಸುತ್ತ ಸೀಮೆಸುಣ್ಣದಲ್ಲಿ ನೂರಾರು ಚುಕ್ಕಿ ಇಟ್ಟಿದ್ದರು. ಹೊರಗಿನದು ಏನು ಹೊಕ್ಕರೂ ಇವು ಓಡಿ ಬರುತ್ತವೆ, ಮುತ್ತಿ ನುಂಗುತ್ತವೆ, ಹೋರಾಡಿ ತಾವೂ ಸಾಯುತ್ತವೆ, ಕೀವು ಅಂದರೆ ಆ ಸತ್ತ ಸೈನಿಕರು ಎಂದಿದ್ದರು. ಅವತ್ತಿನಿಂದ ನಾವು ಹುಡುಗಿಯರು ಕುರು ಒಡೆದರೆ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

"ಅದರಲ್ಲೇ ಒಂದು ಜಾತಿ ಇದೆ, ಲಿಂಫೋಸೈಟ್ ಅಂತ," ಎಂದರು ಡಾಕ್ಟರು. "ಅವು ನುಂಗೋಕೆ ಹೋಗಲ್ಲ, ಗುರುತು ಹಿಡೀತವೆ. ಮೊದಲ ಸಲ ಈ ಗೇರೆಣ್ಣೆ ಚರ್ಮದೊಳಗೆ ಇಳಿದಾಗ ಏನೂ ಮಾಡಲ್ಲ. ನೋಡ್ಕೊಳ್ತವೆ. ಇಂಥವನು ಬಂದಿದ್ದ ಅಂತ ನೆನಪಿಟ್ಕೊಂಡು, ತಮ್ಮ ಹಾಗೇ ಇರೋವನ್ನ ಸಾವಿರಾರು ಹುಟ್ಟಿಸ್ಕೊಂಡು ಕಾಯ್ತವೆ. ಆಮೇಲೆ ಯಾವಾಗ ಬಂದರೂ ಅವನಿಗೆ ಬಿಡುಗಡೆ ಇಲ್ಲ. ಅದೂ ಒಂದೆರಡು ದಿನ ಬಿಟ್ಟು ಏಳುತ್ತೆ, ಅದಕ್ಕೇ ಯಾತರಿಂದ ಆಯ್ತು ಅಂತ ಯಾರಿಗೂ ಹೊಳೆಯಲ್ಲ."

"ಬೇರೆಯವರಿಗೆ ಯಾಕೆ ಆಗಲ್ಲ ಡಾಕ್ಟ್ರೇ?"

"ಅವರ ಮೈ ಇದನ್ನ ಶತ್ರು ಅಂದ್ಕೊಂಡಿಲ್ಲ. ನಿನ್ನ ಮೈ ಅಂದ್ಕೊಂಡಿದೆ. ಅವರಿಗೂ ಮುಂದೊಂದು ದಿನ ಯಾತಕ್ಕಾದರೂ ಆಗಬಹುದು. ಯಾರ ಮೈ ಯಾವತ್ತು ಯಾತರ ಮೇಲೆ ತಿರುಗಿ ಬೀಳುತ್ತೆ ಅಂತ ಹೇಳೋಕಾಗಲ್ಲ."

ಮುಲಾಮು ಕೊಟ್ಟರು, ಮಾತ್ರೆ ಬರೆದರು, ಗುರುತಿರುವ ಮೂಲೆಗಳನ್ನೆಲ್ಲ ಕತ್ತರಿಸಿ ಬಿಸಾಡು ಎಂದರು. ಮನೆಗೆ ಬಂದು ಕತ್ತರಿಸಿದೆ. ಕೆಲವೇ ದಿನಗಳಲ್ಲಿ ಚರ್ಮ ಒಣಗಿ ಹೊಟ್ಟಿನಂತೆ ಉದುರಿತು. ಅಕ್ಕ ತಪ್ಪಾಯಿತು ಎನ್ನಲಿಲ್ಲ. "ಡಾಕ್ಟ್ರು ಏನಂದ್ರೇನು, ನಾನು ದೇವ್ರಿಗೆ ಹರಕೆ ಹೊತ್ತಿದ್ದೆ. ಅದಕ್ಕೇ ವಾಸಿಯಾಯ್ತು," ಎಂದರು. ಮಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. ಅವಳು ನನ್ನ ಮುಖ ನೋಡಿದಳು, ತುಟಿ ಸೊಟ್ಟ ಮಾಡಿದಳು, ಅಕ್ಕನ ಕಡೆ ಎರಡೂ ಕೈ ಚಾಚಿ, ಅದುವರೆಗೆ ಅವಳ ಬಾಯಲ್ಲಿ ನಾನು ಕೇಳಿರದ ಮಾತನ್ನು ಹೇಳಿದಳು. "ಅಮ್ಮ."

ಅಕ್ಕ ನಕ್ಕರು. "ನೋಡೇ, ನನ್ನೇ ಅಮ್ಮ ಅಂತಾಳೆ ಕಳ್ಳಿ!"

ಕಾನ್ವೆಂಟಿನಲ್ಲಿ ನಮಗೆ ಕ್ಷಮೆಯ ಬಗ್ಗೆ ಬಹಳ ಹೇಳಿಕೊಟ್ಟಿದ್ದರು. ಆದರೆ ಮೈಗೆ ಅದನ್ನು ಯಾರೂ ಕಲಿಸಿಲ್ಲ. ನಾನು ಅಂದು ಏನೂ ಮಾಡಲಿಲ್ಲ, ಏನೂ ಹೇಳಲಿಲ್ಲ. ನೋಡಿಕೊಂಡೆ. ಆ ಅಲ್ಯೂಮಿನಿಯಂ ತಟ್ಟೆಯನ್ನು ಬಿಸಾಡಲು ಬಿಡದೆ ಅಟ್ಟದ ಮೇಲಿಟ್ಟೆ. ಪ್ರತಿ ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹುಳಿ ಹಾಕಿ ತಿಕ್ಕುವಾಗ ಅದನ್ನೂ ಬೂದಿ ಹಾಕಿ ತಿಕ್ಕಿ, ಒರೆಸಿ, ಮತ್ತೆ ಅಲ್ಲಿಯೇ ಇಡುತ್ತಿದ್ದೆ. "ಆ ಹಾಳು ತಟ್ಟೆ ಯಾಕೇ ಇನ್ನೂ?" ಎಂದು ಅಕ್ಕ ಒಮ್ಮೆ ಕೇಳಿದ್ದರು. "ಇರಲಿ ಬಿಡಿ ಅಕ್ಕ, ಯಾವತ್ತಾದರೂ ಬೇಕಾಗುತ್ತೆ," ಎಂದಿದ್ದೆ.

ಈಗ ಬೇಕಾಯಿತು.

"ಇದು ಅಂಟೋದೇನೇ?" ಎಂದರು ಅಕ್ಕ, ಕಣ್ಣಿನ ಗೀರಿನಿಂದ ನನ್ನನ್ನು ಹುಡುಕುತ್ತ. "ನೀನು ಓದಿದೋಳು. ಹೇಳೇ."

ಇದು ನಿಮ್ಮ ತಲೆಗೆ ಹಚ್ಚಿದ ಕಪ್ಪಿನ ಕೆಲಸ, ಯಾರಿಗೂ ಅಂಟುವುದಿಲ್ಲ, ಬಂದವರ ಮುಂದೆ ಧೈರ್ಯವಾಗಿ ಕೂರಿ ಎಂದು ಹೇಳಲು ನನಗೆ ಒಂದು ಉಸಿರು ಸಾಕಿತ್ತು. ನಾನು ಆ ಉಸಿರನ್ನು ಒಳಗೇ ಇಟ್ಟುಕೊಂಡೆ.

"ಏನು ಅಂತ ಹೇಗೆ ಹೇಳಲಿ ಅಕ್ಕ? ತಲೆಗೆ ಏನಾದರೂ ಹಚ್ಚಿದ್ರಾ?"

ಅವರು ಗೋಡೆಯ ಕಡೆ ತಿರುಗಿದರು. "ನಾನೇನು ಹಚ್ಲಿ? ಕೊಬ್ರೆಣ್ಣೆ ಬಿಟ್ರೆ."

"ಹಾಗಾದರೆ ಗೊತ್ತಾಗೋವರೆಗೂ ದೂರ ಇರೋದೇ ಒಳ್ಳೇದು."

ನಡುಮನೆಗೆ ಬಂದೆ. ಭಾವ ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನನ್ನ ಗಂಡ ಪೇಪರ್ ಓದುತ್ತಿದ್ದರು. "ಅಕ್ಕನಿಗೆ ಮೈ ಎದ್ದಿದೆ ಭಾವ. ಮಕ್ಕಳು ಮರಿ ಇರೋ ಮನೆ. ಏನೂ ಅಂತ ಗೊತ್ತಾಗೋವರೆಗೂ ಹಿತ್ತಲ ಕೋಣೇಲಿ ಇರಲಿ. ನಾನೇನು ಕೆಟ್ಟದ್ದಕ್ಕೆ ಹೇಳ್ತೀನಾ?"

ಪೇಪರು ನಿಧಾನವಾಗಿ ಕೆಳಗಿಳಿಯಿತು. ನನ್ನ ಗಂಡನಿಗೆ ಆ ಮಾತು ನೆನಪಿತ್ತು. ಅವರು ನನ್ನ ಮುಖವನ್ನು ನೋಡಿ, ಮತ್ತೆ ಪೇಪರನ್ನು ಮೇಲೆತ್ತಿಕೊಂಡರು. ಭಾವ ಎಂದಿನಂತೆ ನೆಲ ನೋಡಿದರು.

ಕೊಬ್ಬರಿ ಚೀಲಗಳ ನಡುವೆ ಚಾಪೆ ಹಾಸಿದೆ. ಮೆಡಿಕಲ್ ಶಾಪಿನಿಂದ ಅಲರ್ಜಿಯ ಮಾತ್ರೆ ತರಿಸಿದೆ. ತಣ್ಣೀರಿನ ಬಟ್ಟೆಯನ್ನು ನಾನೇ ಹಿಂಡಿ ಕಣ್ಣಿನ ಮೇಲಿಟ್ಟೆ. ಅದರಲ್ಲಿ ನಾನು ಮೋಸ ಮಾಡಲಿಲ್ಲ. ಆದರೆ ತಿಂಡಿಯನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿ ಇಟ್ಟುಕೊಂಡು ಬಂದೆ, ಹೊಸಿಲಾಚೆ ಇಟ್ಟೆ. ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಕೈಯಿಂದ ತಟ್ಟೆಯ ಅಂಚನ್ನು ಸವರಿಕೊಂಡು ಬಂದರು. ನೆಗ್ಗಿದ ಜಾಗಕ್ಕೆ ಬೆರಳು ಬಂದು ನಿಂತಿತು.

"ಇದಾ?" ಎಂದರು.

"ಉಪ್ಪಿಟ್ಟು ಆರಿಹೋಗುತ್ತೆ, ತಿನ್ನಿ ಅಕ್ಕ."

ಅವತ್ತು ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ನಾನು ಕುಡಿದೆ, ನಿಂತುಕೊಂಡೇ, ನಿಧಾನವಾಗಿ.

ಮಗಳು ಆಟವಾಡಿ ಬಂದು, "ದೊಡ್ಡಮ್ಮ ಎಲ್ಲಿ?" ಎಂದಳು. ದೊಡ್ಡವಳಾದರೂ ಅವಳಿಗೆ ಜಡೆ ಹಾಕಲು ದೊಡ್ಡಮ್ಮನೇ ಬೇಕಿತ್ತು. ಹಿತ್ತಲ ಕೋಣೆಯ ಕಿಟಕಿಯೆದುರಿನ ಕಲ್ಲಿನ ಮೇಲೆ ಅವಳನ್ನು ಕೂರಿಸಿಕೊಂಡು ನಾನೇ ತಲೆ ಬಾಚಿದೆ. ಸರಳಿನಾಚೆಯಿಂದ, "ಕಂದಾ, ಬಾರೇ ಇಲ್ಲಿ," ಎಂಬ ದನಿ ಬಂತು. ಮಗಳು ಎದ್ದಳು. "ಹತ್ತಿರ ಹೋಗಬೇಡ, ಅಂಟುತ್ತೆ," ಎಂದು ಅವಳ ಹೆಗಲು ಹಿಡಿದು ಕೂರಿಸಿದೆ. ಜಡೆಯ ಮೂರು ಎಳೆಯನ್ನೂ ಬಿಗಿಯಾಗಿ ಹೆಣೆದೆ.

ಹುಡುಗನ ಕಡೆಯವರು ಹೇಳಿದ ಹೊತ್ತಿಗೆ ಬಂದರು. ಗಂಡಸರು ಜಗಲಿಯಲ್ಲಿ ಭಾವನ ಜೊತೆ ಕೊಬ್ಬರಿ ಧಾರಣೆಯ ಮಾತಿಗೆ ಕೂತರು. ಹುಡುಗನ ತಾಯಿಯೂ ಸೋದರತ್ತೆಯೂ ಒಳಗೆ ನಡುಮನೆಯಲ್ಲಿ. ಬಂದ ಹೆಂಗಸರಿಗೆ ಅರಿಸಿನ ಕುಂಕುಮ ಕೊಟ್ಟವಳು ನಾನು, ಹುಡುಗಿಯ ಸೆರಗು ಸರಿಮಾಡಿ ಕರೆತಂದು ಕೂರಿಸಿದವಳು ನಾನು, ಪಕ್ಕದಲ್ಲಿ ಕೂತವಳೂ ನಾನು. ಅಕ್ಕ ಆ ಮಣೆಯ ಮೇಲೆ ಕೂರಲೆಂದು ಒಂದು ತಿಂಗಳಿನಿಂದ ಸೀರೆ ಆರಿಸುತ್ತಿದ್ದರು.

ಹುಡುಗನ ತಾಯಿ ಹುಡುಗಿಯನ್ನು ಮಾತಾಡಿಸಿ, ನನ್ನ ಕಡೆ ತಿರುಗಿ ನಕ್ಕರು. "ಮಗಳೂ ನಿಮ್ಮಂಗೇ ಮೆತ್ತಗೆ ಮಾತಾಡ್ತಾಳೆ ಕಣಮ್ಮ. ತಾಯಿ ಹೆಂಗೋ ಹಂಗೆ."

ಹುಡುಗಿ ತಟಕ್ಕನೆ ತಲೆಯೆತ್ತಿ ನನ್ನನ್ನು ನೋಡಿದಳು. ಕಿಟಕಿಯ ಸರಳಿನ ಹತ್ತಿರ ಬಂದು ಪಿಸುಗುಟ್ಟುತ್ತಿದ್ದವಳ ಅದೇ ಕಣ್ಣು. ನನ್ನ ಚರ್ಮವನ್ನು ಸುಟ್ಟದ್ದು ಗೇರೆಣ್ಣೆಯಲ್ಲ, ನನ್ನ ಮೈಯ ಕಾವಲಿನವರೇ ಎಂದು ತರೀಕೆರೆಯ ಡಾಕ್ಟರು ಅಂದು ಹೇಳಿದ್ದು ಯಾಕೋ ಆ ಗಳಿಗೆಯಲ್ಲಿ ನೆನಪಾಯಿತು. ನೆನಪಾಯಿತು, ಆದರೂ ನಾನು ತಿದ್ದಲಿಲ್ಲ.

"ಇನ್ನೊಂಚೂರು ಕೇಸರಿಬಾತ್ ಹಾಕಲಾ?" ಎಂದು ಕೇಳಿದೆ.

ಹುಡುಗಿ ತಲೆ ತಗ್ಗಿಸಿದಳು. ಅವಳೂ ತಿದ್ದಲಿಲ್ಲ.

ಅವರು ಹೋದ ಮೇಲೆ ಪಾತ್ರೆ ತೊಳೆದು, ಹಿತ್ತಲ ಬಾಗಿಲಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದೆ. ಹಿತ್ತಲ ಕೋಣೆಯ ಕಿಟಕಿ ನನಗೆ ಕೈಯಳತೆಯಲ್ಲಿತ್ತು. ಒಳಗೆ ಅಕ್ಕ ಎಚ್ಚರವಾಗಿದ್ದರು. ಬಳೆ ಸದ್ದು ಮಾಡುತ್ತಿತ್ತು. ಮಾತ್ರೆ ಹಿಡಿದು ಊತ ಇಳಿಯತೊಡಗಿತ್ತು. "ಏನಂದ್ರೇ ಅವ್ರು? ನನ್ನ ಕೇಳಿದ್ರಾ?" ಎಂದು ಆಗಲೇ ಎರಡು ಸಲ ಕೇಳಿದ್ದರು. ನಾನು ಬತ್ತಿ ಹೊಸೆಯುತ್ತಲೇ ಇದ್ದೆ.

ಬೇಲಿ ದಾಟಿ ಪಕ್ಕದ ಮನೆಯಾಕೆ ಬಂದಳು, ಕೈಯಲ್ಲಿ ಬಟ್ಟಲು. ಅವಳ ಗಂಡನಿಗೆ ಸ್ಟೇಷನ್ನಿನಲ್ಲಿ ಕೆಲಸ. ಸಂಜೆ ಅವನಿಗೆ ಬುತ್ತಿ ಕೊಟ್ಟು ಹಾಗೇ ಬಂದಿದ್ದಳು. ಮನೆಯ ಮೊಸರು ಹುಳಿಯಾಗಿದೆ, ಒಂಚೂರು ಹೆಪ್ಪು ಬೇಕು ಎಂದಳು. ತಂದು ಬಟ್ಟಲಿಗೆ ಹಾಕತೊಡಗಿದೆ. ಒಳಗೆ ಬಳೆಯ ಸದ್ದು ನಿಂತಿತು.

"ನಿಮ್ ಬೀಗರಾಗೋರು ಪ್ಲಾಟ್‌ಫಾರಂನಾಗೆ ಕೂತಿದ್ರು ಕಣ್ರೀ. ಒಪ್ಗೆ ಆದಂಗೈತೆ ಬಿಡಿ. ಹುಡುಗಿಯಮ್ಮನ್ನ ನೋಡಿದ್ ಮ್ಯಾಲೆ ಹುಡುಗೀನ ನೋಡೋದೇ ಬ್ಯಾಡ, ಅಷ್ಟ್ ಒಳ್ಳೇ ಹೆಂಗಸು, ಕಾನ್ವೆಂಟ್‌ನಾಗೆ ಓದಿದೋರಂತೆ ಅಂತಿದ್ರು. ನಾನ್ಯಾಕೆ ಬಾಯಿ ಹಾಕ್ಲಿ ಅಂತ ಹೂಂ ಹೂಂ ಅಂದ್ಕೊಂಡು ಬಂದೆ. ಸಾಕು ಸಾಕು, ಹೆಪ್ಪಿಗೆ ಎಷ್ಟ್ರೀ ಬೇಕು!"